ಕೊನೇ ಗದ್ದೆಯ ನೀರು

ಕಿಲೆಲೆಶ್ವಾ, ನೈರೋಬಿ
ಮಾರ್ಚ್ ೩೦

ಶರ್ವಾಣಿಗೆ,

"ನಿಮ್ಮ ಜೊತೆ ಫೋನಲ್ಲಿ ಮಾತಾಡಿದ್ರೆ ಬರೀ ಕೂಗಾಟ, ಹೇಳೋದಿದ್ರೆ ಕಾಗದದಲ್ಲಿ ಬರೆದು ಕಳಿಸಿ" ಅಂದು ಇವತ್ತು ಬೆಳಿಗ್ಗೆ ಪಟ್ಟನೆ ಫೋನ್ ಇಟ್ಟೆಯಲ್ಲ, ತಗೋ, ಬರೆಯುತ್ತಿದ್ದೇನೆ. ನಿನ್ನ ತಾತ ಹೋದ ಮೇಲೆ ನಾನು ಯಾರಿಗೂ ಕಾಗದ ಬರೆದಿಲ್ಲ. ಎರಡು ಸಾಲಿಗೇ ಬೆರಳು ಹಿಡಿದುಕೊಂಡಿದೆ. ಇದನ್ನು ರಿವರ್ ರೋಡಿಗೆ ತಗೊಂಡು ಹೋಗಿ ಉತ್ತರಕ್ಕೆ ಹೋಗುವ ಮಟಾಟು ವ್ಯಾನಿನ ಡ್ರೈವರ್ ಕೈಗೆ ಕೊಡಬೇಕಂತೆ, ಅವನು ನಿನ್ನ ಆಫೀಸಿಗೆ ಮುಟ್ಟಿಸಬೇಕಂತೆ. ಈ ಕಾಲದಲ್ಲಿ ಇದೆಲ್ಲ ಯಾವ ಕರ್ಮ! ನೀನು ಹೇಳಿದ ಮೇಲೆ ಮುಗಿಯಿತು, ನಿಮ್ಮಮ್ಮನಿಗಿಂತ ಹಟಮಾರಿ ನೀನು.

ಮೊದಲು ಸಿಟ್ಟು ಕಾರಿಕೊಂಡುಬಿಡುತ್ತೇನೆ. ಹೆತ್ತ ಮಗಳು ಅಪ್ಪನಿಗೆ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳುವ ಮೊದಲೇ "ಹೊಳೆ ನೀರು ನಿಮ್ಮ ತೋಟದವರೇ ತಗೊಂಡ್ರಾ" ಎಂದು ಕೇಳುವುದುಂಟೇ? ತೋಟ ನನ್ನದಲ್ಲ, ತುಷಾರ್ ಭಾಯಿಯದು. ನಾನು ಅದರ ನೀರಿನ ಇಂಜಿನಿಯರ್, ಅಷ್ಟೇ. ಮಂಗಳವಾರ ಬೆಟ್ಟದ ಬುಡದ ತೋಟಕ್ಕೆ ಹೋಗುತ್ತೇನೆ, ಗುರುವಾರ ಮನೆಗೆ ಬರುತ್ತೇನೆ, ಮಿಕ್ಕ ದಿನ ತೂಬಿನವನಿಗೆ ಫೋನಿನಲ್ಲಿ ಹೇಳುತ್ತೇನೆ. ಮಾರ್ಚ್ ಹದಿನೈದರಿಂದ ಮಳೆ ಬರುವವರೆಗೆ ಯಾವ ತೋಟವೂ ಹೊಳೆಗೆ ಕೈ ಹಾಕಬಾರದೆಂದು ಆದೇಶವಿದೆ. ನಮ್ಮ ತೂಬು ಮುಚ್ಚಿದೆ ಎಂದು ರಿಜಿಸ್ಟರಿನಲ್ಲಿದೆ. ಬೇಕಾದರೆ ತರಿಸಿಕೊಂಡು ನೋಡು.

ನಾಳೆ ರೇವತಿ ಹುಟ್ಟುತ್ತದೆ, ಏಪ್ರಿಲ್ ಹದಿನಾಲ್ಕಕ್ಕೆ ಅಶ್ವಿನಿ. ಆಮೇಲೆ ನಿನ್ನ ಹೊಳೆಯನ್ನು ಹಿಡಿಯುವವರು ಯಾರು ನೋಡೋಣ. ನಮ್ಮ ಮಂಡ್ಯದ ಮಳೆ ನಕ್ಷತ್ರಗಳನ್ನು ಇಲ್ಲಿನ ಮಾರ್ಚ್-ಮೇ ಮಳೆಗೆ ಹಚ್ಚಿ ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ಅಶ್ವಿನಿ ಒಂದು ಸಲವೂ ನನಗೆ ಕೈ ಕೊಟ್ಟಿಲ್ಲ. ತುಷಾರ್ ಭಾಯಿ ಮೀಟಿಂಗಿನಲ್ಲಿ ಹವಾಮಾನ ವರದಿಯನ್ನು ಮಡಚಿಟ್ಟು "ವಿಶ್ವನಾಥ್, ನಿಮ್ಮ ಸ್ಟಾರ್ ಏನು ಹೇಳುತ್ತೆ?" ಅಂತ ನನ್ನ ಮುಖ ನೋಡುತ್ತಾನೆ. ಸುಮ್ಮನೆ ನೋಡುತ್ತಾನಾ?

ಇಲ್ಲಿ ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಬೆವರು. ಸಂಜೆ ನ್ಗಾಂಗ್ ಬೆಟ್ಟದ ಕಡೆ ಮೋಡ ಒಟ್ಟಾಗುತ್ತದೆ, ನಾನು ಒಣಗಿದ ಬಟ್ಟೆ ತೆಗೆಯಲು ಹೋಗುವಷ್ಟರಲ್ಲಿ ಚದುರಿಹೋಗುತ್ತದೆ. ಈ ಒಂದು ಕಾಗದ ಬರೆಯುವಷ್ಟರಲ್ಲಿ ನಾಲ್ಕು ಸಲ ಬಾಲ್ಕನಿಗೆ ಹೋಗಿ ಬಂದೆ. ನಿಮ್ಮಮ್ಮ "ಕೂತ್ಕೊಳ್ರೀ, ನೋಡ್ತಾ ನಿಂತ್ರೆ ಬರುತ್ತಾ" ಅಂತ ಬೈಯುತ್ತಿದ್ದಾಳೆ. ಚಟ್ನಿಪುಡಿ ಕಳಿಸಿದ್ದಾಳೆ, ತಿನ್ನು.

ನಿನ್ನ ಮೇಲೆ ಸಿಟ್ಟಿರುವ,
ಅಪ್ಪ


ನೀರು ಬಳಕೆದಾರರ ಸಂಘದ ಆಫೀಸು, ಹೊಳೆಯ ಕೆಳದಂಡೆ
ಏಪ್ರಿಲ್ ೫

ಅಪ್ಪ,

ಕಾಗದ ಬಂತು. ಚಟ್ನಿಪುಡಿಯೂ ಬಂತು, ಡಬ್ಬಿ ಅರ್ಧ ಮಾತ್ರ. ಡ್ರೈವರ್ ದಾರಿಯಲ್ಲಿ ಚಪಾತಿಗೆ ಹಚ್ಚಿಕೊಂಡನಂತೆ, ಅಮ್ಮನಿಗೆ ಅಸಾಂಟೆ ಹೇಳು ಅಂದ. ಧನ್ಯವಾದ ಹೇಳಿದ್ದಾನೆ ಅಂತ ತಿಳಿಸಿಬಿಡಿ.

ನಾನು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಬರೆದರೆ ನಿಮ್ಮ ಕಂಪನಿಗೆ ಕಳಿಸುವ ದೂರಿನ ಹಾಗೆಯೇ ಕಾಣುತ್ತದೆ, ಅಂಥವು ಈಗಾಗಲೇ ಆರು ಬರೆದಿದ್ದೇನೆ. ಹನ್ನೊಂದು ವರ್ಷದವರೆಗೆ ನನ್ನನ್ನು ತಾತನ ಹತ್ತಿರ ಬಿಟ್ಟಿದ್ದಕ್ಕೆ ಇದೊಂದು ಲಾಭವಾಯಿತು.

ಇಲ್ಲಿ ಆಗಿದ್ದನ್ನು ಕೂಗದೆ ಹೇಳುತ್ತೇನೆ, ಕೂಗದೆ ಓದಿ. ಮಾರ್ಚ್ ಇಪ್ಪತ್ತರ ಬೆಳಿಗ್ಗೆ ಹೊಳೆ ನಿಂತುಹೋಯಿತು. ನಮ್ಮ ಸಂಘಕ್ಕೆ ನೀರಿನ ಮಟ್ಟ ಅಳೆಯುವವಳು ಹೆಲನ್. ನಾಲ್ಕು ಹಸುಗಳನ್ನು ಸಾಕಿಕೊಂಡಿರುವ ವಿಧವೆ. ದಿನಾ ಬೆಳಿಗ್ಗೆ ಏಳಕ್ಕೆ ಹೊಳೆಯಲ್ಲಿ ನೆಟ್ಟಿರುವ ಬಣ್ಣದ ಅಳತೆಕಂಬವನ್ನು ನೋಡಿ ಬರೆಯುತ್ತಾಳೆ. ಹನ್ನೊಂದು ದಿನ ಸೊನ್ನೆ ಬರೆದಳು. ಜನ ಮರಳು ಬಗೆದು ಗುಂಡಿ ತೋಡಿದರು. ಒಂದು ಗುಂಡಿಗೆ ಮೂರು ಹಳ್ಳಿಯವರು ಬಂದು ಹೊಡೆದಾಡಿದರು, ಒಬ್ಬನ ಕೈ ಮುರಿಯಿತು. ಇಪ್ಪತ್ತೇಳಕ್ಕೆ ಹೆಲನ್‌ಳ ಎರಡು ಹಸು ಸತ್ತವು. ಮೂವತ್ತೊಂದರ ಬೆಳಿಗ್ಗೆ ನೀರು ತಾನಾಗಿ ಬಂತು. ಬೆಟ್ಟದಲ್ಲಿ ಮಳೆಯಿಲ್ಲ, ಎಲ್ಲೂ ಮೋಡವಿಲ್ಲ. ಯಾರೋ ತೂಬು ಮುಚ್ಚಿದರು ಅಂತ ತಾನೇ ಅರ್ಥ?

ಮೇ ಎಂಟಕ್ಕೆ ನೈರೋಬಿಯಲ್ಲಿ ನಮ್ಮ ದೂರಿನ ವಿಚಾರಣೆ. ನಿಮ್ಮ ಕಂಪನಿಯ ವಕೀಲರು ರಿಜಿಸ್ಟರ್ ತೋರಿಸಿ, ಹೆಲನ್‌ಗೆ ಅಳೆಯಲು ಬರುವುದಿಲ್ಲ, ಅವಳ ಸೊನ್ನೆಗಳೆಲ್ಲ ತಪ್ಪು ಎನ್ನುತ್ತಿದ್ದಾರೆ.

ನಾನು ರಿಜಿಸ್ಟರ್ ಕೇಳುತ್ತಿಲ್ಲ. ನಿಮ್ಮ ಜೇಬಿನ ಪುಸ್ತಕದಲ್ಲಿ ಏನಿದೆ? ತಾತ ನೀರುಗಂಟಿಯಾಗಿ ಕೆರೆಯ ತೂಬು ಎತ್ತಿದಾಗ, ಇಳಿಸಿದಾಗ ಮನೆಯ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ನೀವು ಅದನ್ನೇ ಪುಸ್ತಕದಲ್ಲಿ ಮಾಡುತ್ತೀರಿ, ಒಂದು ದಿನವೂ ತಪ್ಪಿಸುವುದಿಲ್ಲ. ಅದರಲ್ಲಿ ನೀವು ಸುಳ್ಳು ಬರೆಯಲಾರಿರಿ. ಅದನ್ನು ಓದಿ ಹೇಳಿ, ಸಾಕು.

ನಿಮ್ಮ,
ಶರ್ವಾಣಿ


ಕಿಲೆಲೆಶ್ವಾ
ಏಪ್ರಿಲ್ ೧೫

ಶರ್ವಾಣಿ,

ಉತ್ತರ ತಡವಾಯಿತು, ಕೆಲಸ ಜಾಸ್ತಿ. ಪುಸ್ತಕ ಪುಸ್ತಕ ಅಂತ ಯಾಕೆ ಜೀವ ತಿನ್ನುತ್ತೀಯಾ? ಅದು ನನ್ನ ಖಾಸಗಿ ವಸ್ತು. ಅದರಲ್ಲಿ ನಿಮ್ಮಮ್ಮನ ರಕ್ತದೊತ್ತಡವೂ ಇದೆ, ಕಾರಿಗೆ ಆಯಿಲ್ ಹಾಕಿಸಿದ ದಿನವೂ ಇದೆ. ವಿಚಾರಣೆಗೆ ತಗೊಂಡು ಹೋಗಿ ಓದುವುದಕ್ಕೆ ಅದೇನು ಪುರಾಣವೇ?

ನಿನ್ನೆ ಅಶ್ವಿನಿ ಹುಟ್ಟಿತು. ಹುಟ್ಟಿದ್ದೇನೋ ಹುಟ್ಟಿತು, ಒಂದು ಹನಿ ಇಲ್ಲ. ಪಾರ್ಕ್‌ಲ್ಯಾಂಡ್ಸ್ ದೇವಸ್ಥಾನಕ್ಕೆ ಹೋಗಿದ್ದೆವು. ಪೂಜೆ ಮುಗಿಯುವ ಮೊದಲೇ ನಾನು ಎದ್ದು ಹೊರಗೆ ಬಂದು ಆಕಾಶ ನೋಡುತ್ತಾ ನಿಂತಿದ್ದನ್ನು ಕಂಡು ಯಾರೋ "ಸಾರ್, ಯಾರಿಗಾದ್ರೂ ಕಾಯ್ತಿದ್ದೀರಾ?" ಅಂದರು. ಹೌದಪ್ಪಾ ಅಂದೆ. ಬಿಸಿಲೆಂದರೆ ಬಿಸಿಲು. ಕೆಳಗಿನ ಅಸ್ಕರಿ, ಅದೇ ನಮ್ಮ ಕಾವಲಿನವನು, ದಿನಾ ನನ್ನನ್ನು ನೋಡಿದ ಕೂಡಲೇ "ಮ್ಜೀ, ಇವತ್ತು ಬರುತ್ತಾ?" ಅಂತ ಕೇಳುತ್ತಾನೆ. ಮೊದಲು ಹಿರಿಯ ಅನ್ನುವ ಗೌರವಕ್ಕೆ ಕೇಳುತ್ತಿದ್ದ, ಈಗ ತಮಾಷೆಗೆ ಕೇಳುತ್ತಾನೆ. ಇವತ್ತು ಅವನ ಮೇಲೆ ರೇಗಿಬಿಟ್ಟೆ, ಪಾಪ.

ನೀನು ಒಂದು ಕಡೆಯಿಂದಲೇ ನೋಡುತ್ತೀಯಾ. ತೋಟದಲ್ಲಿ ಮುನ್ನೂರು ಹೆಂಗಸರು ಹುರುಳಿಕಾಯಿ ಬಿಡಿಸುತ್ತಾರೆ. ಬೆಳೆ ಹೋದರೆ ಮೊದಲು ಮನೆಗೆ ಹೋಗುವವರು ಅವರು. ಅದನ್ನೂ ಒಬ್ಬ ಯೋಚನೆ ಮಾಡಬೇಕಲ್ಲ? ತೋಟದ ಹೊಂಡ ತುಂಬಿರುವುದರಿಂದ ಹೇಗೋ ಮೇ ಕೊನೆಯವರೆಗೆ ಎಳೆಯಬಹುದು, ಇಲ್ಲದಿದ್ದರೆ ಅಷ್ಟು ಜನರ ಗತಿ ಏನಾಗುತ್ತಿತ್ತೋ.

ನಮ್ಮ ವರ್ಕ್ ಪರ್ಮಿಟ್ ತುಷಾರ್ ಭಾಯಿಯ ಕಂಪನಿಯ ಹೆಸರಿನಲ್ಲೇ ಇದೆ ಎಂಬುದು ನಿನಗೆ ಗೊತ್ತಿಲ್ಲದ್ದಲ್ಲ. ಅವನು ಒಂದು ಕಾಗದ ಬರೆದರೆ ನಾನೂ ನಿಮ್ಮಮ್ಮನೂ ಗಂಟುಮೂಟೆ ಕಟ್ಟಬೇಕು. ಅವಳ ಲ್ಯಾವಿಂಗ್ಟನ್ ಸ್ಕೂಲು, ಈ ಮನೆ, ಎಲ್ಲ ಬಿಟ್ಟು ಈ ವಯಸ್ಸಿನಲ್ಲಿ ಎಲ್ಲಿಗೆ? ಸುಮ್ಮನೆ ತಿಳಿಸುತ್ತಿದ್ದೇನೆ, ಹೆದರಿಸುತ್ತಿಲ್ಲ.

ಅಶ್ವಿನಿಗೆ ಇನ್ನೂ ಹನ್ನೆರಡು ದಿನ ಇದೆ.

ಅಪ್ಪ


ಕೆಳದಂಡೆ
ಏಪ್ರಿಲ್ ೨೦

ಅಪ್ಪ,

ಹೊಂಡ ತುಂಬಿದ್ದು ಹೇಗೆ?

ಮಾರ್ಚ್ ಹತ್ತಕ್ಕೆ ನಾನು ಮನೆಗೆ ಬಂದಿದ್ದಾಗ, ತೋಟದ ಹೊಂಡದಲ್ಲಿ ಮೊಣಕಾಲುದ್ದ ನೀರೂ ಇಲ್ಲ ಅಂತ ಊಟ ಬಿಟ್ಟು ಕೂತಿದ್ದಿರಿ. ಆಮೇಲೆ ಮಳೆ ಬಂದಿಲ್ಲ. ತೂಬು ಮುಚ್ಚಿತ್ತಂತೆ. ಹಾಗಾದರೆ ಆ ನೀರು ಎಲ್ಲಿಂದ ಬಂತು? ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅಕ್ಷರ ನಿಮ್ಮದೇ, ಮಾತು ಮಾತ್ರ ತುಷಾರ್ ಭಾಯಿಯದು.

ಮೊನ್ನೆ ಹೆಲನ್‌ಳನ್ನು ಕೆಲಸದಿಂದ ತೆಗೆದರು. ವಿಚಾರಣೆಯಲ್ಲಿ ಸಂಘದ ಮಾನ ಹೋಗಬಾರದಂತೆ. ತನ್ನ ಅಳತೆ ಪುಸ್ತಕವನ್ನು ಒರೆಸಿ ನನ್ನ ಮೇಜಿನ ಮೇಲಿಟ್ಟು "ನಾನು ಸೊನ್ನೆಯನ್ನು ಎಲ್ಲಿಂದ ತರಲಿ, ಅದು ಹೊಳೆಯಲ್ಲಿತ್ತು" ಅಂದಳು. ನನಗೆ ತಲೆ ಎತ್ತಲು ಆಗಲಿಲ್ಲ, ಅಪ್ಪ. ನಾಚಿಕೆಯಿಂದ ಸತ್ತೆ.

ನೀರು ಕಡಿಮೆಯಾದ ವರ್ಷ ತಾತ ಯಾರ ಗದ್ದೆಗೆ ಮೊದಲು ನೀರು ಬಿಡುತ್ತಿದ್ದರು? ಕಾಲುವೆಯ ತುದಿಯ ಕೊನೇ ಗದ್ದೆಗೆ. ತೂಬಿನ ಪಕ್ಕದಲ್ಲೇ ಇದ್ದ ನಮ್ಮ ಗದ್ದೆಗೆ ಎಲ್ಲರದ್ದೂ ಆದ ಮೇಲೆ. ಇದನ್ನು ನನಗೆ ಹೇಳಿಕೊಟ್ಟವರು ನೀವೇ, ಈ ಕೆಲಸಕ್ಕೆ ನಾನು ಬಂದಿದ್ದೂ ಅದನ್ನು ಕೇಳಿಯೇ.

ಪುಸ್ತಕ ಕಳಿಸಿ. ಇಲ್ಲವೆಂದರೆ ಇನ್ನು ಬರೆಯಬೇಡಿ.

ಶರ್ವಾಣಿ


ಕಿಲೆಲೆಶ್ವಾ
ಏಪ್ರಿಲ್ ೨೮

ಮುದ್ದು ಶರ್ವಾಣಿ,

ಅಮ್ಮ ಬರೆಯುತ್ತಿದ್ದೇನೆ. ನಿಮ್ಮಿಬ್ಬರ ಮಧ್ಯೆ ನಾನು ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಈ ಮನುಷ್ಯನನ್ನು ನೋಡಲಾಗುತ್ತಿಲ್ಲ. ಅಶ್ವಿನಿ ಪೂರ್ತಿ ಒಣಗಿಹೋಯಿತು, ನಿನ್ನೆಯಿಂದ ಭರಣಿ. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಊಟಕ್ಕೆ ಕೂತು ಸಾರು ಬಡಿಸುವಷ್ಟರಲ್ಲಿ ಎದ್ದು ಕಿಟಕಿಗೆ ಹೋಗುತ್ತಾರೆ. ತಣ್ಣಗಾದ ಅನ್ನವನ್ನು ಮತ್ತೆ ಬಿಸಿ ಮಾಡಿ ಸಾಕಾಗಿದೆ.

ನನಗೆ ಎಲ್ಲ ಹೇಳಿದ್ದಾರೆ. ಏನು ಅಂತ ನಾನು ಹೇಳುವುದಿಲ್ಲ, ಅದು ಅವರ ಬಾಯಿಂದಲೇ ಬರಬೇಕು. ನಾನು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಆ ಪುಸ್ತಕವನ್ನು ಅವರ ಅಂಗಿ ಜೇಬಿನಿಂದ ತೆಗೆದು ರಾಗಿಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟೆ. ಕಳೆದುಹೋಯಿತು ಅಂದರೆ ಮುಗಿಯುತ್ತದೆ, ಕೊಡಬೇಕೋ ಬಿಡಬೇಕೋ ಎಂಬ ಪ್ರಶ್ನೆಯೇ ಇರುವುದಿಲ್ಲ ಅಂದುಕೊಂಡೆ. ಎರಡು ದಿನ ಮನೆಯನ್ನೆಲ್ಲ ಜಾಲಾಡಿದರು. ಸೋಫಾ ತಿರುಗಿಸಿದರು, ಒಗೆಯುವ ಬಟ್ಟೆ ಕೊಡವಿದರು. ಮೂರನೇ ದಿನ ನೆಲದ ಮೇಲೆ ಕೂತು "ಭಾನು, ಅಪ್ಪನ ಗೋಡೆಗೆ ಸುಣ್ಣ ಹೊಡೆದ ಹಾಗಾಯ್ತು ಕಣೇ" ಅಂತ ಅತ್ತುಬಿಟ್ಟರು. ಮೂವತ್ತು ವರ್ಷದಲ್ಲಿ ಅವರು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಡಬ್ಬಿ ತಂದು ಮುಂದಿಟ್ಟೆ. ಬೈಯಲಿಲ್ಲ. ಹಿಟ್ಟು ಊದಿ ಊದಿ ಒರೆಸಿ ಜೇಬಿಗೆ ಇಟ್ಟುಕೊಂಡರು.

ನನಗೆ ಭಯವಿದೆ ಮಗಳೇ, ಯಾಕೆ ಸುಳ್ಳು ಹೇಳಲಿ? ನನ್ನ ಮಕ್ಕಳು ಅಂತ ನಾನು ಹೇಳುವ ನಲವತ್ತು ಜನ ಆ ಸ್ಕೂಲಿನಲ್ಲಿದ್ದಾರೆ. ಆದರೆ ಇವರು ಹೀಗೇ ಇದ್ದರೆ ಮನೆ ಉಳಿದೂ ಏನು ಮಾಡುವುದು? ನೀನು ಅವರಿಗೆ ಬರೆಯಬೇಡಿ ಅಂದೆಯಲ್ಲ, ಅದನ್ನು ವಾಪಸು ತಗೋ. ಅಷ್ಟು ಮಾಡು.

ಈ ಸಲದ ಚಟ್ನಿಪುಡಿಯ ಡಬ್ಬಿಗೆ ಟೇಪ್ ಸುತ್ತಿದ್ದೇನೆ.

ನಿನ್ನ,
ಅಮ್ಮ


ಕಿಲೆಲೆಶ್ವಾ
ಮೇ ೩

ಶರ್ವಾಣಿ,

ಬೇಡವೆಂದರೂ ಬರೆಯುತ್ತಿದ್ದೇನೆ. ಹರಿದು ಬಿಸಾಡುವುದಿದ್ದರೆ ಓದಿದ ಮೇಲೆ ಹರಿ.

ತೂಬು ತೆರೆಸಿದವನು ನಾನೇ. ತುಷಾರ್ ಭಾಯಿ ಹೇಳಲಿಲ್ಲ. ಹೊಂಡ ಬತ್ತುತ್ತಿದೆ, ಏನು ಮಾಡೋಣ ಅಂತ ಮೀಟಿಂಗಿನಲ್ಲಿ ಕೇಳಿದ, ಅಷ್ಟೇ. ಎಲ್ಲರೂ ನನ್ನ ಮುಖ ನೋಡಿದರು. ಏಪ್ರಿಲ್ ಹದಿನಾಲ್ಕಕ್ಕೆ ಅಶ್ವಿನಿ, ಬಂದೇ ಬರುತ್ತದೆ ಅಂದೆ. ಹೇಗೂ ಬರುವ ಮಳೆ, ಹತ್ತು ದಿನದ ನೀರು ಮೊದಲೇ ತಗೊಂಡರೆ ಕೆಳಗಿನವರಿಗೆ ಅಶ್ವಿನಿ ತುಂಬಿಸಿಕೊಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಯಾರಿಗೂ ನಷ್ಟವಿಲ್ಲ ಎಂದು ಲೆಕ್ಕ ಹಾಕಿದೆ. ಮಾರ್ಚ್ ಹತ್ತೊಂಬತ್ತರ ಸಂಜೆ ಫೋನ್ ಮಾಡಿ ತೂಬು ಎತ್ತಿಸಿದೆ. ರಿಜಿಸ್ಟರಿನಲ್ಲಿ ಮುಚ್ಚಿದೆ ಅಂತ ಬರೆಯಲು ಹೇಳಿದವನೂ ನಾನೇ. ನೀರುಗಂಟಿಯ ಮಗ ಇನ್ನೂ ಬಾರದ ಮಳೆಯನ್ನು ನಂಬಿ ಹೊಳೆಯ ನೀರು ಕದ್ದ.

ನಿನಗೆ ತಾತನ ಒಂದು ಕಥೆ ಹೇಳಿಲ್ಲ. ನನಗೆ ಒಂಬತ್ತು ವರ್ಷ. ಆ ಸಲ ಅವನೂ ಹೀಗೇ ಮಳೆ ನಂಬಿ, ಸರದಿ ಮುರಿದು ನಮ್ಮ ಗದ್ದೆಗೆ ಮೊದಲು ನೀರು ತಿರುಗಿಸಿಕೊಂಡ. ಮಳೆ ಬರಲಿಲ್ಲ, ಕೊನೇ ಗದ್ದೆಯ ಪೈರು ಒಣಗಿತು. ಯಾರೂ ಕೇಳಿರಲಿಲ್ಲ, ಕಾಲುವೆ ಸೋರಿರಬೇಕು ಅಂದುಕೊಂಡಿದ್ದರು. ಇವನೇ ತೂಬು ಎತ್ತುವ ಕಬ್ಬಿಣದ ಸಲಾಕೆಯನ್ನು ಹೊತ್ತುಕೊಂಡು ಹೋಗಿ ಅರಳಿಕಟ್ಟೆಯ ಮೇಲಿಟ್ಟು "ಸರದಿ ಮುರಿದಿದ್ದೀನಿ, ಇದನ್ನ ಬೇರೆಯವರ ಕೈಗೆ ಕೊಡಿ" ಅಂದ. ಕೊಟ್ಟರು. ಒಂದು ವರ್ಷ ಬೇರೆಯವನು ತೂಬು ಎತ್ತಿದ. ಸ್ಕೂಲಿನಲ್ಲಿ ಹುಡುಗರು ನನ್ನನ್ನು ನೀರುಕಳ್ಳನ ಮಗ ಅಂದರು. ಆಗ ನನಗೆ ಅವನ ಮೇಲೆ ಎಂಥಾ ಕೋಪ! ಯಾರೂ ಕೇಳದಿದ್ದಾಗ ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ಅಂತ. ಅದಕ್ಕೇ ನಿನಗೆ ಹೇಳಲಿಲ್ಲ.

ಈಗ ಕೇಳು. ಮೊನ್ನೆಯಿಂದ ಇಲ್ಲಿ ಮಳೆ. ಮಳೆಯಲ್ಲ, ಆಕಾಶವೇ ಕಿತ್ತುಕೊಂಡು ಬಿದ್ದಿದೆ. ನಮ್ಮ ಕೆಳಗಿನ ಪಾರ್ಕಿಂಗಿನಲ್ಲಿ ಮೊಣಕಾಲವರೆಗೆ ನೀರು, ಕಾರು ನಿಂತಲ್ಲೇ ನಿಂತಿದೆ. ಅಸ್ಕರಿ ಪ್ಯಾಂಟ್ ಮಡಚಿಕೊಂಡು "ಮ್ಜೀ, ಇನ್ನು ಸಾಕು ಅಂತ ಹೇಳಿ" ಅಂತ ನಗುತ್ತಾನೆ. ಬೆಟ್ಟದಲ್ಲೂ ಜೋರಂತೆ. ತುಷಾರ್ ಭಾಯಿ ಫೋನ್ ಮಾಡಿ ಖುಷಿಯಲ್ಲಿ ಕೂಗಿದ: "ಎಲ್ಲ ತೊಳೆದುಹೋಯ್ತು, ವಿಶ್ವನಾಥ್! ಕೆಳಗಿನವರಿಗೆ ನೀರು ಸಿಕ್ಕಿತಲ್ಲ, ಇನ್ನು ವಿಚಾರಣೆಗೆ ಯಾರು ಬರ್ತಾರೆ?" ನಿಜವೇ ಅಲ್ಲವೇ? ಹೊಳೆ ತುಂಬಿ ಹರಿಯುತ್ತಿದೆ. ಈಗ ಪುಸ್ತಕ ತೆಗೆದು ಯಾರಿಗೆ ಏನು ಆಗಬೇಕು? ನನಗೆ ತಿಳಿಯುತ್ತಿಲ್ಲ, ನೀನೇ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ನಿನ್ನ ಅಪ್ಪ


ಕೆಳದಂಡೆ
ಮೇ ೫

ಅಪ್ಪ,

ಇದನ್ನು ಸಿಕ್ಕಿದ ಮೊದಲ ಮಟಾಟುವಿನಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಕಾಗದವನ್ನು ಹರಿಯಲಿಲ್ಲ.

ಹೊಳೆ ಎರಡು ದಂಡೆಯನ್ನೂ ಮೀರಿ ಬಂತು. ಅಳತೆಕಂಬ ಕೊಚ್ಚಿಹೋಯಿತು. ತುಷಾರ್ ಭಾಯಿ ಹೇಳಿದ್ದು ಸರಿ, ಇಲ್ಲಿ ಎಲ್ಲರೂ ಸಂತೋಷವಾಗಿದ್ದಾರೆ, ವಿಚಾರಣೆಯ ಮಾತೇ ಯಾರೂ ಎತ್ತುತ್ತಿಲ್ಲ. ಸಂಘದ ಅಧ್ಯಕ್ಷರು ದೂರು ವಾಪಸು ತಗೊಳ್ಳೋಣವೇ ಎನ್ನುತ್ತಿದ್ದಾರೆ.

ಹೆಲನ್ ಮಾತ್ರ ಇವತ್ತೂ ಏಳು ಗಂಟೆಗೆ ಹೊಳೆಗೆ ಹೋಗಿದ್ದಳು. ಕೆಲಸವಿಲ್ಲ, ಸಂಬಳವಿಲ್ಲ, ಕಂಬವೂ ಇಲ್ಲ. ಒಂದು ಕೋಲಿಗೆ ಚಾಕುವಿನಲ್ಲಿ ಗುರುತು ಕೆತ್ತಿ, ಸೊಂಟದವರೆಗಿನ ನೀರಿನಲ್ಲಿ ನಿಂತು ಅಳೆಯುತ್ತಿದ್ದಳು. ಯಾಕೆ ಅಂತ ಕೇಳಿದೆ. "ಸೊನ್ನೆ ಬರೆದಾಗ ಸುಳ್ಳಿ ಅಂದರು. ಇದನ್ನಾದರೂ ನಂಬುತ್ತಾರಾ ನೋಡೋಣ" ಅಂದಳು.

ನಾನು ಏನೂ ಹೇಳುವುದಿಲ್ಲ. ನಾನು ಹೇಳಿ ನೀವು ಮಾಡಿದರೆ ಅದು ನನ್ನ ಕೆಲಸವಾಗುತ್ತದೆ. ತಾತನಿಗೆ ಯಾರು ಹೇಳಿದ್ದರು?

ಬರೆಯಬೇಡಿ ಅಂದಿದ್ದನ್ನು ವಾಪಸು ತಗೊಂಡಿದ್ದೇನೆ.

ಶರ್ವಾಣಿ


ಕಿಲೆಲೆಶ್ವಾ
ಮೇ ೯

ಮಗಳೇ,

ನಿನ್ನೆ ಹೋಗಿದ್ದೆ. ನಿನ್ನನ್ನು ಅಲ್ಲಿ ನೋಡುತ್ತೇನೆ ಅಂದುಕೊಂಡಿದ್ದೆ, ಸೇತುವೆ ಮುಳುಗಿ ನಿಮಗೆ ಯಾರಿಗೂ ಬರಲಾಗಲಿಲ್ಲವೆಂದು ಅಲ್ಲಿ ತಿಳಿಯಿತು. ಒಂದು ರೀತಿ ಒಳ್ಳೆಯದಾಯಿತು. ನೀನು ಎದುರಿಗಿದ್ದಿದ್ದರೆ ನಿನ್ನನ್ನು ಮೆಚ್ಚಿಸಲು ಮಾಡುತ್ತಿದ್ದೆನೋ ಏನೋ.

ಕಾರು ಇನ್ನೂ ನೀರಿನಲ್ಲಿ. ಮಟಾಟು ಹತ್ತಿದೆ, ಅರ್ಧ ದಾರಿಗೆ ಅದೂ ಕೆಟ್ಟು ನಿಂತಿತು. ಪುಸ್ತಕವನ್ನು ಹಾಲಿನ ಪ್ಯಾಕೆಟ್ಟಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ನಡೆದೆ. ನಿಮ್ಮಮ್ಮ ಛತ್ರಿ ಹಿಡಿದುಕೊಂಡು ಜೊತೆಗೇ ಬಂದಳು. ಸ್ಕೂಲಿಗೆ ರಜಾ ಹಾಕಿದ್ದಳು. ಹೋಗಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ಒಳಗೆ ಆರೇ ಜನ. ಕಂಪನಿಯ ವಕೀಲರು ನನ್ನನ್ನು ನೋಡಿ, ತಮ್ಮ ಕಡೆ ಮಾತಾಡಲು ಬಂದೆನೆಂದು ಕುರ್ಚಿ ಎಳೆದು ಕೊಟ್ಟರು. ನಾನು ಕೂರಲಿಲ್ಲ. ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಕೊಟ್ಟು ಬಂದುಬಿಡೋಣ, ಅವರೇ ಓದಿಕೊಳ್ಳಲಿ ಅಂತ ನನ್ನ ಯೋಚನೆ. ಆದರೆ ಅದೆಲ್ಲ ಕನ್ನಡದಲ್ಲಿದೆಯಲ್ಲ, ಅಂಕಿಯೂ ಕನ್ನಡ! ಅಧ್ಯಕ್ಷತೆ ವಹಿಸಿದ್ದ ಹೆಂಗಸು ಪುಟ ತಿರುಗಿಸಿ ನೋಡಿ, ವಾಪಸು ನನ್ನ ಕೈಗೇ ಕೊಟ್ಟು "ನೀವೇ ಓದಿ, ಒಂದೊಂದು ದಿನವೂ" ಅಂದರು. ಹೀಗಾಗಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಓದಿದೆ. ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಮಾರ್ಚ್ ಇಪ್ಪತ್ತು, ಉತ್ತರಾಭಾದ್ರ, ತೂಬು ತೆರೆದಿದೆ. ಮಾರ್ಚ್ ಇಪ್ಪತ್ತೊಂದು, ತೂಬು ತೆರೆದಿದೆ. ಐದನೆಯ ದಿನ ಓದುವಾಗ ಯಾರೋ ನೀರು ಕೊಟ್ಟರು, ಕುಡಿಯಲಾಗಲಿಲ್ಲ. ಇಪ್ಪತ್ತೇಳಕ್ಕೆ ಬರೆದಿದ್ದೆ: ಹೊಂಡ ಮುಕ್ಕಾಲು ತುಂಬಿದೆ, ಭಾನು ಹೋಳಿಗೆ ಮಾಡಿದ್ದಳು. ಅದನ್ನೂ ಓದಿದೆ, ಬಿಡಲಿಲ್ಲ. ಆ ದಿನವೇ ಹೆಲನ್‌ಳ ಹಸುಗಳು ಸತ್ತಿದ್ದು ಅಂತ ನೀನು ಬರೆದಿದ್ದು ನೆನಪಾಯಿತು. ಕೊನೆಯದು ಮೂವತ್ತು. ಶರ್ವಾಣಿ ಫೋನ್ ಮಾಡಿದ್ದಳು. ಮುಚ್ಚಿಸಿದೆ.

ಹೌದು, ನೀನು ಫೋನ್ ಇಟ್ಟ ಕೂಡಲೇ ತೂಬಿನವನಿಗೆ ಹೇಳಿ ತೂಬು ಮುಚ್ಚಿಸಿದೆ, ಆಮೇಲೆ ಕೂತು ನಿನಗೆ ಆ ಮೊದಲ ಕಾಗದ ಬರೆದೆ. ನಮ್ಮ ತೂಬು ಮುಚ್ಚಿದೆ ಅಂತ.

"ಶರ್ವಾಣಿ ಯಾರು?" ಅಂತ ಆ ಹೆಂಗಸು ಕೇಳಿದರು. ನನ್ನ ಮಗಳು, ಹೊಳೆಯ ಕೆಳಗಡೆ ಇದ್ದಾಳೆ ಅಂದೆ. ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಹೆಲನ್‌ಳ ಹನ್ನೊಂದು ಸೊನ್ನೆಯೂ ಸರಿ ಎಂದು ಬರೆಸಿದರು. ಕಂಪನಿಯ ಮೇಲೆ ಏನು ಕ್ರಮ ಎಂಬುದು ಮುಂದಿನ ತಿಂಗಳಂತೆ.

ತುಷಾರ್ ಭಾಯಿ ಸಂಜೆ ಫೋನ್ ಮಾಡಿದ. ಕೂಗಲಿಲ್ಲ. "ನನಗೆ ಒಂದು ಮಾತು ಮೊದಲೇ ಹೇಳಬಹುದಿತ್ತು" ಅಂದ. ಪರ್ಮಿಟ್ ರದ್ದಾಗಲು ಮೂರು ತಿಂಗಳು ಹಿಡಿಯುತ್ತದಂತೆ. ನಿಮ್ಮಮ್ಮನ ಸ್ಕೂಲಿನವರು ತಾವು ಪರ್ಮಿಟ್ ಮಾಡಿಸಿಕೊಡಬಹುದೇನೋ ನೋಡುತ್ತೇವೆ ಅಂದಿದ್ದಾರೆ. ಆದರೂ ಆಯಿತು, ಆಗದಿದ್ದರೂ ಆಯಿತು. ಇವತ್ತು ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದೆ.

ಹೆಲನ್‌ಗೆ ಏನು ಹೇಳಬೇಕೋ ನನಗೆ ಗೊತ್ತಾಗುತ್ತಿಲ್ಲ. ಹಸು ಕೊಡಿಸುತ್ತೇನೆ, ಕೊಡಿಸಲೇಬೇಕು. ಆದರೆ ಅದು ಸಾಲದು ಅಂತ ನನಗೂ ಗೊತ್ತು. ಪುಸ್ತಕವನ್ನು ಅವರು ಇಟ್ಟುಕೊಂಡರು. ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ.

ಅಪ್ಪ


ಕೆಳದಂಡೆ
ಮೇ ೧೯

ಅಪ್ಪ,

ಸೇತುವೆ ನಿನ್ನೆ ತೆರೆಯಿತು. ನಿಮ್ಮ ಕಾಗದ ಎಂಟು ದಿನ ಆಚೆ ದಡದ ಅಂಗಡಿಯಲ್ಲಿ ಕೂತಿತ್ತು. ಜೊತೆಗೆ ಬಂದ ಚಟ್ನಿಪುಡಿಯ ಟೇಪ್ ಬಿಚ್ಚಲು ಅಂಗಡಿಯವನಿಗೆ ಬರಲಿಲ್ಲವಂತೆ.

ಹೆಲನ್‌ಗೆ ಕೆಲಸ ವಾಪಸು ಕೊಟ್ಟರು. ಹೊಸ ಕಂಬ ಬಂದಿದೆ, ಇನ್ನೂ ನೆಟ್ಟಿಲ್ಲ. ನಿಮ್ಮ ಕಾಗದವನ್ನು ಅವಳಿಗೆ ಪೂರ್ತಿ ಓದಿ ಹೇಳಿದೆ, ಹೋಳಿಗೆಯನ್ನೂ ಬಿಡಲಿಲ್ಲ. ಅವಳು ಹಸುವಿನ ಹಗ್ಗ ಹೊಸೆಯುತ್ತಾ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: "ಆ ಹನ್ನೊಂದು ದಿನ, ಕೆಳಗಡೆ ನಾವಿದ್ದೀವಿ ಅಂತ ನಿಮ್ಮಪ್ಪನಿಗೆ ಗೊತ್ತಿತ್ತಾ?"

ಗೊತ್ತಿತ್ತು, ನಾನೂ ಇಲ್ಲೇ ಇದ್ದೆನಲ್ಲ, ಅಂದೆ.

ಅವಳು ತುಂಬಾ ಹೊತ್ತು ಹಗ್ಗ ಹೊಸೆದಳು. ನನಗೆ ಅಳು ಬಂತು, ಅವಳು ನೋಡಿದರೂ ಸಮಾಧಾನ ಮಾಡಲಿಲ್ಲ. ಆಮೇಲೆ ಅಂದಳು: "ಹಾಗಾದರೆ ಬರಲಿ. ಮಾತು ಬೇಡ. ಕಂಬ ನೆಡಬೇಕು, ಸೊನ್ನೆ ಎಲ್ಲಿ ಬರಬೇಕು ಅಂತ ಅವನಿಗೆ ಗೊತ್ತಿರುತ್ತೆ. ಅವನೇ ನೀರಿಗಿಳಿದು ಹಿಡ್ಕೊಳ್ಳಲಿ, ನಾನು ದಡದಿಂದ ನೋಡಿ ಸರಿಯಿದೆಯಾ ಹೇಳ್ತೀನಿ."

ಬನ್ನಿ, ಅಪ್ಪ. ಅಮ್ಮನನ್ನೂ ಕರೆದುಕೊಂಡು ಬನ್ನಿ. ಹಳೇ ಪ್ಯಾಂಟ್ ತನ್ನಿ. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು, ಹೆಲನ್ ಯಾರಿಗೂ ಕಾಯುವುದಿಲ್ಲ. ಯಾವ ಮಟಾಟು, ಎಷ್ಟು ಹೊತ್ತಿಗೆ ಅಂತ ಕಾಗದದಲ್ಲಿ ಬರೆದು ಕೂರಬೇಡಿ.

ಫೋನ್ ಮಾಡಿ. ಎತ್ತುತ್ತೇನೆ.

ನಿಮ್ಮ ಮಗಳು,
ಶರ್ವಾಣಿ